ಹಲ್ಲಿ ಎಂದು ಬರೆದವಳು ಕೇಳಿದ್ದು ಬಸ್ಸು

ಕಾಗುಣಿತ ನೋಡಿ ಬುದ್ಧಿ ಅಳೆಯುವ ಕಲಬುರಗಿಯ ಓದುಬಲ್ಲವರಿಗೆ ಒಂದು ಬಹಿರಂಗ ಪತ್ರ

ಅಧ್ಯಾಪಕರೇ, ವಕೀಲರೇ, ಸರ್ಕಾರಿ ನೌಕರರೇ, ಕಾಲೇಜು ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ,

ಶರಣು.

ನಾನು ಇದೇ ಊರಿನಲ್ಲಿ 22 ವರ್ಷಗಳಿಂದ ಟೈಪಿಂಗ್ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದೇನೆ. ಅರ್ಜಿ, ಅಫಿಡವಿಟ್, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಬಾಡಿಗೆ ಕರಾರು, ಲಗ್ನಪತ್ರಿಕೆ, ಪುಣ್ಯತಿಥಿಯ ಕಾರ್ಡು, ಎಲ್ಲವೂ ನನ್ನ ಕೈಯಲ್ಲಿ ಹಾದುಹೋಗುತ್ತವೆ. ಅಕ್ಷರ ತಿದ್ದುವುದರಲ್ಲೇ ನನ್ನ ಅನ್ನವಿದೆ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದ’ದ ದೀರ್ಘ ಬಿಟ್ಟುಹೋಗಿದೆ ಎಂದು ಅಚ್ಚಾದ ಮೇಲೆ ಗೊತ್ತಾದರೆ ಆ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ. ಆದ್ದರಿಂದ, ಕಾಗುಣಿತದ ಬಗ್ಗೆ ಅಸಡ್ಡೆ ಇರುವ ಯಾರೋ ಬರೆದಿದ್ದಾರೆ ಎಂದುಕೊಂಡು ಈ ಪತ್ರವನ್ನು ದಯವಿಟ್ಟು ಪಕ್ಕಕ್ಕೆ ಇಡಬೇಡಿ.

ಹೋದ ತಿಂಗಳು ನಡೆದದ್ದನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ಕೆಲವರು ಅದರಲ್ಲಿ ಪಾಲ್ಗೊಂಡೂ ಇದ್ದೀರಿ. ಹಳ್ಳಿಯಿಂದ ಕಾಲೇಜಿಗೆ ಬರುವ ಒಬ್ಬ ಹುಡುಗಿ, ಪಿಯುಸಿ ಎರಡನೇ ವರ್ಷ ಓದುವವಳು, ಎಲ್ಲರೂ ಓದುವಂತೆ ಹೀಗೆ ಬರೆದಳು: ‘ನಮ್ಮ ಹಲ್ಲಿಗೆ ಸಂಜೇ ಬಸ್ ಬಿಡಿ.’ ಕೆಳಗೆ ಇನ್ನೂ ಆರೇಳು ಸಾಲುಗಳಿದ್ದವು. ಅವನ್ನು ಎಷ್ಟು ಜನ ಓದಿದಿರೋ ನನಗೆ ತಿಳಿಯದು. ನಾನು ಓದಿದ್ದೇನೆ. ಕಾಲೇಜು ನಾಲ್ಕೂವರೆಗೆ ಬಿಡುತ್ತದೆ. ಅವಳ ಊರಿನ ಬಸ್ಸು ಆರೂ ಮುಕ್ಕಾಲಿಗೆ ಹೊರಡುತ್ತದೆ, ಎಷ್ಟೋ ದಿನ ಊರಿನೊಳಗೆ ಬಾರದೆ ಕ್ರಾಸಿನಲ್ಲೇ ಇಳಿಸಿ ಹಿಂತಿರುಗುತ್ತದೆ. ಅಲ್ಲಿಂದ ಹನ್ನೊಂದು ಹುಡುಗಿಯರು ಕತ್ತಲಲ್ಲಿ, ತೊಗರಿ ಹೊಲಗಳ ನಡುವೆ ನಡೆಯಬೇಕು. ಮೂವರು ಈಗಾಗಲೇ ಕಾಲೇಜು ಬಿಟ್ಟಿದ್ದಾರೆ. ಐದೂವರೆಗೆ ಪಕ್ಕದ ಊರಿಗೆ ಹೋಗುವ ಬಸ್ಸು ಒಂದಿದೆ, ಅದನ್ನು ಮೂರು ಕಿಲೋಮೀಟರ್ ಒಳಗೆ ತಿರುಗಿಸಿದರೆ ಸಾಕು, ಹೊಸ ಬಸ್ಸು ಬೇಡ, ಹೊಸ ಡ್ರೈವರ್ ಬೇಡ ಎಂದು ಅವಳೇ ಲೆಕ್ಕ ಹಾಕಿ ಬರೆದಿದ್ದಳು. ಇಂಥ ಅರ್ಜಿಗಳನ್ನು ನಾನು ಸಾವಿರಗಟ್ಟಲೆ ಟೈಪ್ ಮಾಡಿದ್ದೇನೆ. ತೊಂದರೆಯನ್ನೂ ಅದರ ಪರಿಹಾರವನ್ನೂ, ಆ ಪರಿಹಾರಕ್ಕೆ ತಗಲುವ ಖರ್ಚನ್ನೂ ಆರೇಳು ಸಾಲಿನಲ್ಲಿ ಹೇಳುವವರು ಅಪರೂಪ. ಪದವಿ ಇರುವವರೂ ಎರಡು ಪುಟ ಬರೆಸಿ ಬೇಕಾದ್ದನ್ನು ಬಿಟ್ಟಿರುತ್ತಾರೆ.

ಅವಳಿಗೆ ಸಿಕ್ಕ ಉತ್ತರಗಳು: ‘ಹಲ್ಲಿಗೆ ಬಸ್ಸು ಏಕೆ, ಗೋಡೆ ಸಾಕು.’ ‘ಹಲ್ಲು ನೋವಾದರೆ ದಂತವೈದ್ಯರ ಬಳಿ ಹೋಗಮ್ಮ.’ ‘ಮೊದಲು ಕನ್ನಡ ಕಲಿ, ಆಮೇಲೆ ಬಸ್ಸು ಕೇಳು.’ ‘ಇಂಥ ದಡ್ಡರಿಗೆ ಕಾಲೇಜು ಬೇರೆ ಕೇಡು.’ ಐವತ್ತಕ್ಕೂ ಹೆಚ್ಚು ಇದ್ದವು. ಬಸ್ಸಿನ ಬಗ್ಗೆ ಮಾತನಾಡಿದವರು ಇಬ್ಬರು. ರಾತ್ರಿಯೊಳಗೆ ಅವಳು ಬರೆದದ್ದನ್ನು ಅಳಿಸಿಹಾಕಿದಳು.

ದಡ್ಡಿ ಎಂದಿರಿ. ಆ ಪದವನ್ನೇ ಹಿಡಿದುಕೊಂಡು ಮಾತನಾಡುತ್ತೇನೆ.

ನಾನು ಬಳಸುವ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಗುಂಡಿಯಲ್ಲಿವೆ. ಹಾಗೇ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನ ಮತ್ತು ಣ ಕೂಡ ಹಾಗೆಯೇ. ಒತ್ತಕ್ಷರ ಬರಬೇಕಾದರೆ ನಡುವೆ ಇಂಗ್ಲಿಷಿನ ಎಫ್ ಇರುವ ಗುಂಡಿ ಒತ್ತಬೇಕು. ಒಂದು ಬೆರಳು ತಪ್ಪಿದರೆ ಹಳ್ಳಿ ಹಲ್ಲಿಯಾಗುತ್ತದೆ, ಕಣ್ಣು ಕನ್ನು ಆಗುತ್ತದೆ. ಇನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರ ಪಾಡು ನಿಮಗೇ ಗೊತ್ತು. ಪರದೆಯ ಮೇಲೆ ಎರಡು ಮೂರು ಪದಗಳು ಸಾಲಾಗಿ ಬಂದು ನಿಲ್ಲುತ್ತವೆ, ಬಸ್ಸಿನ ಕುಲುಕಾಟದಲ್ಲಿ ಹೆಬ್ಬೆರಳು ಯಾವುದರ ಮೇಲೆ ಬಿತ್ತೋ ಅದು.

ಇದಿಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಎರಡು ದಿನದ ಮೇಲೆ ಅದೇ ಹುಡುಗಿ ಪರೀಕ್ಷೆಯ ಯಾವುದೋ ಅರ್ಜಿ ಮಾಡಿಸಲು ನನ್ನ ಅಂಗಡಿಗೆ ಬಂದಳು. ಮಾತಿಗೆ ಮಾತು ಬಂದು ಅವಳೇ ಎಂದು ತಿಳಿಯಿತು. ಅವಳ ಮನೆಯ ಮಾತು ದಖನಿ ಉರ್ದು. ಆ ಭಾಷೆಯಲ್ಲಿ ಳ ಎಂಬ ಧ್ವನಿಯೇ ಇಲ್ಲ, ಣ ಕೂಡ ಇಲ್ಲ. ಶಾಲೆಯಲ್ಲಿ ಕನ್ನಡ ಮಾಧ್ಯಮ. ಕಾಲೇಜಿನಲ್ಲಿ ಬೋರ್ಡಿನ ಮೇಲೆಲ್ಲ ಇಂಗ್ಲಿಷ್. ಅಂದರೆ ಹದಿನೇಳು ವರ್ಷದ ಒಬ್ಬ ಹುಡುಗಿ ಬಲದಿಂದ ಎಡಕ್ಕೆ ಬರೆಯುವ ಒಂದು ಲಿಪಿ, ಎಡದಿಂದ ಬಲಕ್ಕೆ ಬರೆಯುವ ಎರಡು ಲಿಪಿಗಳು, ಹೀಗೆ ಮೂರನ್ನೂ ದಿನವೂ ನಿಭಾಯಿಸುತ್ತಾಳೆ. ಅವಳನ್ನು ಹಂಗಿಸಿದವರಲ್ಲಿ ಎಷ್ಟು ಜನರಿಗೆ ಉರ್ದುವಿನಲ್ಲಿ ತಮ್ಮ ಹೆಸರು ಬರೆಯಲು ಬರುತ್ತದೆ? ನನಗಂತೂ ಬರುವುದಿಲ್ಲ.

ಉರ್ದು ಎಂದಾಗ ಒಬ್ಬ ಹಿರಿಯರು ನೆನಪಾಗುತ್ತಾರೆ. ಅವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹನ್ನೆರಡು ವರ್ಷಗಳ ಹಿಂದಿನ ಮಾತು. ಎಂಬತ್ತರ ಹತ್ತಿರದ ಒಬ್ಬ ಮುತ್ಯಾ ಮೂವರು ಗಂಡುಮಕ್ಕಳನ್ನು ಕರೆದುಕೊಂಡು ವಾಟ್ನಿ ಪತ್ರ ಬರೆಸಲು ಬಂದರು. ಜಮೀನು 8 ಎಕರೆ 14 ಗುಂಟೆ. ಕಾಗದವಿಲ್ಲ, ಪೆನ್ನಿಲ್ಲ, ಸ್ಟೂಲಿನ ಮೇಲೆ ಕುಳಿತು ಬಾಯಲ್ಲೇ ಹೇಳುತ್ತಾ ಹೋದರು. ಬಾವಿ ಇರುವ ಕಡೆ 2 ಎಕರೆ 14 ಗುಂಟೆ ಕಿರಿಯವನಿಗೆ, ಏಕೆಂದರೆ ನೀರಿಗೆ ಬೆಲೆ ಕಟ್ಟಿ ನೆಲ ಕಡಿಮೆ ಮಾಡಿದ್ದೇನೆ. ಉಳಿದ ಇಬ್ಬರಿಗೆ ತಲಾ 3 ಎಕರೆ. ನಡುವಿನವನ ಹೊಲಕ್ಕೆ ದಾರಿ ಇಲ್ಲ, ಆದ್ದರಿಂದ ಹಿರಿಯವನ ಬದುವಿನ ಗುಂಟ ಬಂಡಿ ಹೋಗುವಷ್ಟು ಜಾಗ ಬಿಡಬೇಕು, ಅದನ್ನು ಬರೆಯದೆ ಹೋದರೆ ನಾಳೆ ಸೊಸೆಯಂದಿರ ಕಾಲಕ್ಕೆ ಜಗಳವಾಗುತ್ತದೆ. ನಾಲ್ಕೂ ದಿಕ್ಕಿನ ಚಕ್ಕುಬಂದಿಯನ್ನು ಮೂರೂ ಪಾಲಿಗೆ ಬೇರೆ ಬೇರೆಯಾಗಿ, ತಡವರಿಸದೆ ಹೇಳಿದರು.

ನಾನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದಿ ಹೇಳಿದೆ. ಎರಡನೇ ಪಾಲಿಗೆ ಬರುತ್ತಿದ್ದಂತೆ ಮುತ್ಯಾ ಕೈ ಎತ್ತಿದರು. “ತಾಯಿ, ನೀವು ಹಳ್ಳವನ್ನು ಮೂಡಣಕ್ಕೆ ತಂದು ಇಟ್ಟಿರಿ. ಹಳ್ಳ ಪಡುವಣದಲ್ಲಿದೆ.” ನೋಡಿದೆ. ಪೂರ್ವ, ಪಶ್ಚಿಮ ಅದಲುಬದಲಾಗಿದ್ದವು. ಹಾಗೆಯೇ ನೋಂದಣಿಯಾಗಿದ್ದರೆ ಆ ಹುಡುಗನ ಪಾಲು ಬೇರೆಯವರ ಹೊಲದಲ್ಲಿ ಹೋಗಿ ಕೂರುತ್ತಿತ್ತು, ಕೋರ್ಟು ಹತ್ತಬೇಕಾಗುತ್ತಿತ್ತು. ಆ ಹಾಳೆಯನ್ನು ನಾನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಸಹಿಯ ಹೊತ್ತಿಗೆ ನಾನು ಶಾಯಿಯ ಪ್ಯಾಡನ್ನು ಅವರ ಕಡೆ ಸರಿಸಿದೆ. ಹೆಬ್ಬೆಟ್ಟಿನವರು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರು ಪ್ಯಾಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನನ್ನ ಪೆನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಹೆಸರು ಬರೆದರು. ಅಕ್ಷರಗಳು ದುಂಡಗೆ, ಒಂದರ ಹೆಗಲ ಮೇಲೆ ಇನ್ನೊಂದು ಕೂತಂತೆ ಇದ್ದವು. ಮನೆಮಾತು ಅಚ್ಚಕನ್ನಡ, ಹಣೆಯ ಮೇಲೆ ವಿಭೂತಿ, ಆದರೆ ಅವರು ಕಲಿತ ಶಾಲೆಯಲ್ಲಿ ಇದ್ದದ್ದು ಉರ್ದು. ಆ ಕ್ಷಣದ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ಪತ್ರ ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ. ನೀವು ಮಾಡಿದ್ದನ್ನು ನಾನೂ ಮಾಡಿದ್ದೇನೆ.

ಅದು ಅವರೊಬ್ಬರ ಕಥೆಯಲ್ಲ. ಆಗ ನಮ್ಮ ಸೀಮೆ ಹೈದರಾಬಾದಿನ ನಿಜಾಮರ ಕೈಯಲ್ಲಿತ್ತು, ಅವರ ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮೇಲಿನ ಓದೂ ಉರ್ದುವಿನಲ್ಲೇ ನಡೆಯುತ್ತಿತ್ತು. ಮೈಸೂರು ಸೀಮೆಯ ಮಕ್ಕಳು ಕನ್ನಡ ಪಠ್ಯಪುಸ್ತಕ ಹಿಡಿದಿದ್ದಾಗ ನಮ್ಮ ಕಡೆಯ ಎಷ್ಟೋ ಮಕ್ಕಳು ಅಲಿಫ್, ಬೇ ತಿದ್ದುತ್ತಿದ್ದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡ ನಂತರ, 1956ರ ನವೆಂಬರ್ 1ರಂದು ಏಕೀಕರಣವಾದ ನಂತರ, ಕಚೇರಿಯ ಕನ್ನಡ ಇಲ್ಲಿಗೆ ಬಂದಿತು. ಬಂದದ್ದು ಬೇರೆ ಸೀಮೆಯ ಕನ್ನಡ. ನಾವು ಶಾಲೆಗೆ ಸಾಲಿ ಎನ್ನುತ್ತೇವೆ, ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ, ಆಸ್ಪತ್ರೆಗೆ ದವಾಖಾನೆ. ನಮ್ಮ ಹುಡುಗ ಒಂದು ಸಾಲು ಬರೆಯಬೇಕಾದರೆ ಮೊದಲು ಮನೆಯ ಮಾತನ್ನು ಪುಸ್ತಕದ ಮಾತಿಗೆ ತಿರುಗಿಸಿಕೊಳ್ಳಬೇಕು, ಆಮೇಲೆ ಅದಕ್ಕೆ ಕಾಗುಣಿತ ಹುಡುಕಬೇಕು. ಮಹಾಪ್ರಾಣಗಳ ಪಾಡಂತೂ ಕೇಳಬೇಡಿ. ವರ್ಗಾಕ್ಷರಗಳು 25, ಅವುಗಳಲ್ಲಿ 10 ಮಹಾಪ್ರಾಣಗಳು, ನಮ್ಮ ಆಡುಮಾತಿನಲ್ಲಿ ಹೆಚ್ಚುಕಡಿಮೆ ಒಂದೂ ಇಲ್ಲ. ಕಿವಿಯಲ್ಲಿ ಇಲ್ಲದ್ದನ್ನು ಕಣ್ಣಿನಿಂದಲೇ ನೆನಪಿಟ್ಟುಕೊಳ್ಳಬೇಕು. ಕಣ್ಣಿಗೆ ಅಭ್ಯಾಸವಾಗಬೇಕಾದರೆ ಮನೆಯಲ್ಲಿ ಪುಸ್ತಕ ಇರಬೇಕು, ಪತ್ರಿಕೆ ಬರಬೇಕು, ಓದಿ ಹೇಳುವ ತಾಯಿ ಇರಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ನಮ್ಮ ಮಗ್ಗುಲಿನ ಯಾದಗಿರಿ ಜಿಲ್ಲೆಯದು ಶೇ 51.83. ಆ ಲೆಕ್ಕದಲ್ಲಿ ಅಕ್ಷರ ಬಾರದವರೆಂದು ಸೇರಿದ ತಾಯಂದಿರ ಮಕ್ಕಳು ಇವತ್ತು ಮೊಬೈಲಿನಲ್ಲಿ ಕನ್ನಡ ಬರೆಯುತ್ತಿದ್ದಾರೆ. ವಂಶದಲ್ಲೇ ಮೊದಲ ಬಾರಿಗೆ ಬರೆಯುತ್ತಿದ್ದಾರೆ. ಆ ಮೊದಲ ಸಾಲಿಗೆ ನಾವು ಕೊಟ್ಟ ಸ್ವಾಗತ ಹೇಗಿತ್ತು ಎಂದು ಮೇಲೆ ಬರೆದಿದ್ದೇನೆ.

ಸೇಡಂ ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಆ ಅರಮನೆಯ ಕೂಸು. ಕುರಿತು ಓದದೆಯೂ ಕಾವ್ಯ ಬಲ್ಲ ಜನ ಎಂದು ಅದು ಕನ್ನಡಿಗರನ್ನು ಹೊಗಳಿದ್ದನ್ನು ಪ್ರತಿ ನವೆಂಬರಿನಲ್ಲಿ ನೀವು ವೇದಿಕೆಯ ಮೇಲೆ ಹೇಳುತ್ತೀರಿ, ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಗ್ರಂಥದಲ್ಲಿ ಇನ್ನೊಂದು ಪದ್ಯವಿದೆ, ಅದನ್ನು ಯಾರೂ ವೇದಿಕೆಯಲ್ಲಿ ಹೇಳಿದ್ದು ನಾನು ಕೇಳಿಲ್ಲ. ಕನ್ನಡದಲ್ಲಿ ದೋಷ ಇಷ್ಟೇ ಎಂದು ಗೊತ್ತುಮಾಡಲು ಹೊರಟರೆ ವಾಸುಕಿಗೂ ಸಾಧ್ಯವಾಗದೆ ಬೇಸರ ಬಂದೀತು, ಏಕೆಂದರೆ ದೇಸಿಗಳು ಬೇರೆ ಬೇರೆ ಎಂದು ಅದರ ಅರ್ಥ. ಅಲ್ಲಿ ಕವಿ ಬಳಸಿದ ಪದ ‘ಕನ್ನಡಂಗಳ್’. ಒಂದು ಕನ್ನಡವಲ್ಲ, ಹಲವು. ಕಾವ್ಯದ ದೋಷಗಳನ್ನು ಬಿಡಿಸಿ ಬಿಡಿಸಿ ಹೇಳಲು ಕೂತ ಗ್ರಂಥದಲ್ಲೇ ಈ ಮಾತಿದೆ. ತಪ್ಪನ್ನು ತಪ್ಪು ಎನ್ನುವವನಿಗೂ ಆ ಹೃದಯ ಇತ್ತು.

ನಾವು ಶುದ್ಧ ಎಂದು ಎದೆ ತಟ್ಟಿಕೊಳ್ಳುವ ಕಾಗುಣಿತವಾದರೂ ಎಲ್ಲಿಂದ ಬಂತು? ‘ಮಳೆ’ಯನ್ನು ಹಳಗನ್ನಡದಲ್ಲಿ ಳ ಅಲ್ಲದ, ೞ ಎಂಬ ಬೇರೆಯೇ ಅಕ್ಷರ ಹಾಕಿ ಮೞೆ ಎಂದು ಬರೆಯುತ್ತಿದ್ದರು. ‘ಬಾಳೆ’ಯೂ ಬಾೞೆ. ಜನರ ನಾಲಿಗೆಯಲ್ಲಿ ಆ ಧ್ವನಿ ಕರಗಿ ಬರಹದಲ್ಲಿ ಗೊಂದಲವಾದಾಗ 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಆ ಪಟ್ಟಿ ಗೆಲ್ಲಲಿಲ್ಲ. ಕೇಶಿರಾಜನ ಕಣ್ಣಿನಿಂದ ನೋಡಿದರೆ ‘ಮಳೆ’ ಎಂದು ಬರೆಯುವ ನಾವೆಲ್ಲರೂ ತಪ್ಪು ಬರೆಯುತ್ತಿದ್ದೇವೆ. ಅಷ್ಟೇ ಏಕೆ, ‘ಹಳ್ಳಿ’ ಎಂಬುದೇ ಒಂದು ಕಾಲಕ್ಕೆ ‘ಪಳ್ಳಿ’ ಆಗಿತ್ತು. ಪ ಹೋಗಿ ಹ ಬಂದ ಕಾಲದಲ್ಲಿ ಮೊದಲು ಹ ಬರೆದವನನ್ನು ಯಾವ ಪಂಡಿತ ಏನೆಂದು ಬೈದಿದ್ದನೋ.

ಹಾಗೆಂದು ಹೇಗೆ ಬೇಕಾದರೂ ಬರೆಯಿರಿ ಎನ್ನುವವಳು ನಾನಲ್ಲ. ಬರಹದಿಂದ ಮಹಾಪ್ರಾಣಗಳನ್ನೇ ತೆಗೆದುಹಾಕಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮನಸ್ಸು ಒಪ್ಪಿಲ್ಲ. ಪಹಣಿಯಲ್ಲಿ, ಔಷಧದ ಚೀಟಿಯಲ್ಲಿ, ಪಠ್ಯಪುಸ್ತಕದಲ್ಲಿ ಅಕ್ಷರ ಸರಿಯಾಗಿಯೇ ಇರಬೇಕು. ತಪ್ಪಾದರೆ ಏನಾಗುತ್ತದೆ ಎಂಬುದನ್ನು ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಒಂದು ದಿನ ಕುಳಿತರೆ ನೀವೂ ನೋಡಬಹುದು. ಒಬ್ಬ ರೈತರ ತಂದೆಯ ಹೆಸರು ಶರಣಪ್ಪ. ಒಂದು ಕಚೇರಿಯಲ್ಲಿ ಅದನ್ನು ಸರಣಪ್ಪ ಎಂದು ಹೊಡೆದಿದ್ದರು. ಆಧಾರ್ ಕಾರ್ಡಿಗೆ ಹೊಂದಲಿಲ್ಲವೆಂದು ಬೆಳೆ ಪರಿಹಾರ ನಿಂತುಹೋಯಿತು. ಕೂಲಿ ಬಿಟ್ಟು ನಾಲ್ಕು ದಿನ ತಿರುಗಿ, ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ, ಇಬ್ಬರೂ ಒಬ್ಬರೇ ಎಂದು ಅವರು ರುಜುವಾತು ಮಾಡಬೇಕಾಯಿತು. ಆ ಅಕ್ಷರ ತಪ್ಪಿಸಿದವರನ್ನು ಯಾರೂ ದಡ್ಡರೆನ್ನಲಿಲ್ಲ. ಕೈತಪ್ಪು ಎಂದರು, ಕಂಪ್ಯೂಟರಿನ ತಪ್ಪು ಎಂದರು. ಸಂಬಳ ಪಡೆದು ಬರೆಯುವವರ ತಪ್ಪಿಗೆ ಕೈ ಹೊಣೆ, ಹಳ್ಳಿಯ ಹುಡುಗಿಯ ತಪ್ಪಿಗೆ ತಲೆ ಹೊಣೆ. ಇದು ನನಗೆ ಸಹಿಸಲಾಗದ ಅನ್ಯಾಯ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲಂಡ್ ಮತ್ತು ರಾಬಿನ್ ಕ್ವೀನ್ ಎಂಬ ಇಬ್ಬರು ಸಂಶೋಧಕಿಯರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಒಂದೇ ಮನೆಯಲ್ಲಿ ಜೊತೆಗೆ ಬಾಡಿಗೆಗೆ ಇರಲು ಬಯಸಿದವರ ಪತ್ರಗಳು ಎಂದು 83 ಜನರಿಗೆ ಓದಲು ಕೊಟ್ಟರು. ಕೆಲವು ಪತ್ರಗಳಲ್ಲಿ ಬೇಕೆಂದೇ ಅಕ್ಷರದ ತಪ್ಪುಗಳನ್ನೂ ವ್ಯಾಕರಣದ ತಪ್ಪುಗಳನ್ನೂ ಸೇರಿಸಿದ್ದರು. ತಪ್ಪಿದ್ದ ಪತ್ರದವರಿಗೆ ಓದುಗರು ಕಡಿಮೆ ಅಂಕ ಕೊಟ್ಟರು. ಆದರೆ ಎಷ್ಟು ಕಡಿಮೆ ಎಂಬುದು ಓದುವವರ ಸ್ವಭಾವದ ಮೇಲೂ ನಿಂತಿತ್ತು. ಇತರರೊಂದಿಗೆ ಹೊಂದಿಕೊಳ್ಳುವ ಗುಣ ಕಡಿಮೆ ಇದ್ದವರಿಗೆ ವ್ಯಾಕರಣದ ತಪ್ಪು ಹೆಚ್ಚು ಚುಚ್ಚಿತು. ಬರೆದವರ ಬುದ್ಧಿಯನ್ನು ತೂಗಲು ಹೊರಟವರು ತಮ್ಮ ಸ್ವಭಾವವನ್ನೇ ತಕ್ಕಡಿಗೆ ಇಟ್ಟಿದ್ದರು. ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಗುರುತಿಸಿದೆ. ಬುದ್ಧಿ ಚುರುಕಾಗಿದ್ದೂ ಅಕ್ಷರದಲ್ಲಿ ಎಡವುವ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅಧ್ಯಾಪಕರಾದ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಬೇಡಿಕೆ ಸಣ್ಣದು. ಯಾರಾದರೂ ಬರೆದದ್ದು ಅರ್ಥವಾಗಿದ್ದರೆ ಮೊದಲು ಅದಕ್ಕೆ ಉತ್ತರ ಕೊಡಿ. ಹಲ್ಲಿ ಎಂದಾಗ ಹಳ್ಳಿ ಎಂದು ನಿಮಗೆಲ್ಲರಿಗೂ ಅರ್ಥವಾಗಿತ್ತು, ಇಲ್ಲದಿದ್ದರೆ ನಗು ಹೇಗೆ ಬರುತ್ತಿತ್ತು? ತಿದ್ದಬೇಕೆನಿಸಿದರೆ ಆಮೇಲೆ, ಅವರೊಬ್ಬರಿಗೇ, ‘ತಂಗಿ, ಇಲ್ಲಿ ಳ ಬರಬೇಕು’ ಎಂದು ಬರೆಯಿರಿ. ಕಚೇರಿಗಳಲ್ಲಿ ಕುಳಿತು ಜನರ ಅಹವಾಲು ಓದುವ ಅಧಿಕಾರಿಗಳಲ್ಲಿ ಇನ್ನೊಂದು ವಿನಂತಿ: ಕಾಗುಣಿತ ತಪ್ಪಿದ ಅರ್ಜಿಯನ್ನು ಕೆಳಗೆ ಸರಿಸಬೇಡಿ. ಟೈಪಿಂಗ್ ಅಂಗಡಿಗೆ ಕೊಡಲು ದುಡ್ಡಿಲ್ಲದೆ ತಾವೇ ಕೈಯಾರೆ ಬರೆದವರ ಅರ್ಜಿ ಅದು. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಆಗಲಿ, ಅಂಥ ಅರ್ಜಿಗಳು ಹೆಚ್ಚಲಿ ಎಂದೇ ನನ್ನ ಆಸೆ.

ಬಸ್ಸಿನ ಅರ್ಜಿಯನ್ನು ಮತ್ತೆ ಬರೆದಿದ್ದಾಯಿತು. ನಾನು ಟೈಪ್ ಮಾಡಿ ಕೊಡುತ್ತೇನೆ ಎಂದೆ, ಆ ಹುಡುಗಿ ಒಪ್ಪಲಿಲ್ಲ. ನನ್ನ ಕುರ್ಚಿಯಲ್ಲಿ ತಾನೇ ಕುಳಿತಳು. ಶಿಫ್ಟ್ ಎಲ್ಲಿದೆ ಎಂದು ಒಮ್ಮೆ ತೋರಿಸಿದೆ. ಎಡಗೈಯ ಕಿರುಬೆರಳಿನಿಂದ ಅದನ್ನು ಒತ್ತಿ ಹಿಡಿದು, ಪರದೆಯ ಮೇಲೆ ಳ ಬರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅರ್ಧ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಳೆಯ ಆರೇಳು ಸಾಲುಗಳಿಗೆ ಈಗ ಬಸ್ಸಿನ ಸಮಯಗಳ ಒಂದು ಪಟ್ಟಿಯನ್ನೂ ಸೇರಿಸಿದ್ದಾಳೆ.

ಹನ್ನೊಂದು ಹುಡುಗಿಯರ ಸಹಿ ಬಿದ್ದಿದೆ. ಊರಿನ ನಾಗರಿಕರ ಸಹಿಗಾಗಿ ಎರಡು ಹಾಳೆ ಖಾಲಿ ಬಿಟ್ಟಿದ್ದೇವೆ. ಹಾಳೆಗಳು ನನ್ನ ಮೇಜಿನ ಮೇಲಿವೆ, ಮುಂದಿನ ಸೋಮವಾರ ಕಚೇರಿಗೆ ಕೊಡುತ್ತೇವೆ. ಅವತ್ತು ನಕ್ಕವರು ಯಾರು ಎಂದು ನಾನು ಕೇಳುವುದಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ, ನಿಮಗೆ ಬರುವ ಅಕ್ಷರದಲ್ಲಿ ಸಹಿ ಮಾಡಿ ಹೋಗಿ. ಅಂಗಡಿ ಬೆಳಿಗ್ಗೆ 10ರಿಂದ ರಾತ್ರಿ 8ರ ತನಕ ತೆರೆದಿರುತ್ತದೆ.

ಇಂತಿ,
ಕಚೇರಿ ರಸ್ತೆಯ ಟೈಪಿಂಗ್ ಅಂಗಡಿಯ ಅಕ್ಕ
ಕಲಬುರಗಿ